ಐದು ಸೆಂಟಿನ ಇಳಿಜಾರು

ಈ ಸಂಚಿಕೆಗೆ ಮಹಾವ್ಯಕ್ತಿಗಳ ಜೀವನಚಿತ್ರ ಬರೆದುಕೊಡಿ ಅಂತ ಸಂಪಾದಕರು ನೋಟೀಸು ಹಚ್ಚಿದ ದಿನವೇ ನಮ್ಮ ಸಂಘದ ಆರ್ಟ್ಸ್ ಗೆಳೆಯರು ಬಸವಣ್ಣನವರನ್ನೂ ವಿಶ್ವೇಶ್ವರಯ್ಯನವರನ್ನೂ ಟಾಲ್‌ಸ್ಟಾಯ್‌ನನ್ನೂ ತಮ್ಮತಮ್ಮಲ್ಲೇ ಹಂಚಿಕೊಂಡುಬಿಟ್ಟರು. ಕಾಮರ್ಸಿನವನಾದ ನನಗೆ ಉಳಿದದ್ದು ಯಾರು? ಬಹಳ ಯೋಚನೆ ಮಾಡಿ ಒಬ್ಬನನ್ನು ಹಿಡಿದಿದ್ದೇನೆ. ಅವನು ಕಾಲುಚೀಲದ ಕಾರಖಾನೆ ನಡೆಸಿ ಹಣ ಮಾಡಿದ, ಆರೋಗ್ಯ ಕಳಕೊಂಡ, ಆಮೇಲೆ ಜನರನ್ನು ಐದೈದು ಸೆಂಟಿಗೆ ಮರದ ಗುಡ್ಡದಿಂದ ಜಾರಿಸಿ ಲೋಕಪ್ರಸಿದ್ಧನಾದ. ಲಾಮಾರ್ಕಸ್ ಆಡ್ನಾ ಥಾಂಪ್ಸನ್ ಅಂತ ಹೆಸರು. ರೋಲರ್ ಕೋಸ್ಟರಿನ ಇತಿಹಾಸ ಬರೆಯುವವರು ಮೊದಲು ಬರೆಯುವ ಹೆಸರು ಇವನದೇ.

ಇವನನ್ನೇ ಏಕೆ ಹಿಡಿದೆ ಅನ್ನೋದಕ್ಕೆ ಕಾರಣ ನಮ್ಮಪ್ಪ. ಅಪ್ಪ ಇಲ್ಲಿ ಫೋರ್ಟಿನ ಕಡೆ ಒಂದು ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಬೆಳಗಿನ ಜಾವ ನಾಲ್ಕಕ್ಕೆ ಇಡ್ಲಿಯ ಹಬೆಯಲ್ಲಿ ನಿಂತರೆ ರಾತ್ರಿ ಪಾತ್ರೆ ಕವುಚಿ ಹಾಕುವ ತನಕ ನಿಂತೇ ಇರೋದು. ಅವರು ಜೋರಾಗಿ ನಕ್ಕದ್ದನ್ನು ನಾನು ಚಿಕ್ಕವನಿದ್ದಾಗ ನೋಡಿರಲಿಲ್ಲ. ನಾನು ಐದನೇ ಇಯತ್ತೆಯಲ್ಲಿದ್ದಾಗ ಕ್ಯಾಂಟೀನಿನ ಧಣಿಗಳು ಕೆಲಸಗಾರರನ್ನೂ ಮನೆಯವರನ್ನೂ ಒಂದು ದಿನ ಗೊರಾಯಿಯ ಎಸ್ಸೆಲ್ ವರ್ಲ್ಡಿಗೆ ಕರಕೊಂಡು ಹೋದರು. ದೋಣಿ ದಾಟಿ ಹೋಗಬೇಕಿತ್ತು. ಅಲ್ಲಿಯ ರೋಲರ್ ಕೋಸ್ಟರಿನಲ್ಲಿ ಅಪ್ಪ ನನ್ನ ಪಕ್ಕ ಕೂತರು. ಏರುವಾಗ ಸುಮ್ಮನಿದ್ದರು, ಕಂಬಿಯನ್ನು ಮಾತ್ರ ಭದ್ರವಾಗಿ ಹಿಡಿದಿದ್ದರು. ಇಳಿಯುವಾಗ ಕೂಗಿದರು ನೋಡಿ! ಊರಲ್ಲಿ ಕಂಬಳದ ಗದ್ದೆಯ ಬದುವಿನಲ್ಲಿ ನಿಂತು ಕೂಗುವ ಹಾಗೆ. ಕೆಳಗೆ ಬಂದ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಇನ್ನೊಮ್ಮೆ ಹೋಗೋಣ್ವಾ ಅಂತ ನನ್ನನ್ನೇ ಕೇಳಿದರು. ಆವತ್ತು ನಾಲ್ಕು ಸಲ ಹೋದೆವು. ಹದಿನಾಲ್ಕು ತಾಸು ದುಡಿಯುವ ಮನುಷ್ಯನಿಗೆ ಎರಡು ನಿಮಿಷದ ಒಂದು ಬೀಳುವಿಕೆಯಲ್ಲಿ ಅಂಥದ್ದು ಏನು ಸಿಕ್ಕಿತು ಅನ್ನುವ ಪ್ರಶ್ನೆ ಅವತ್ತಿನಿಂದ ನನ್ನ ತಲೆಯಲ್ಲಿದೆ. ಥಾಂಪ್ಸನ್ನನ ಬಗ್ಗೆ ಓದಿದಾಗ ಇದೇ ಪ್ರಶ್ನೆಗೆ ಅವನು ಆಯುಷ್ಯವನ್ನೇ ಕೊಟ್ಟವನು ಅನ್ನಿಸಿತು.

ಅವನು ಹುಟ್ಟಿದ್ದು 1848ರಲ್ಲಿ, ಅಮೆರಿಕದ ಓಹಾಯೋ ಪ್ರಾಂತದ ಜರ್ಸಿ ಎಂಬ ಹಳ್ಳಿಯಲ್ಲಿ. ಬೆಳೆದದ್ದು ಮಿಶಿಗನ್ ಪ್ರಾಂತದಲ್ಲಿ. ಕೈಕೆಲಸ ಹುಟ್ಟಿನಿಂದಲೇ ಬಂದದ್ದು. ಹನ್ನೆರಡನೇ ವಯಸ್ಸಿನಲ್ಲಿ ತಾಯಿಗೆ ಬೆಣ್ಣೆ ಕಡೆಯುವ ಸಾಧನವನ್ನೂ ತಂದೆಗೆ ಎತ್ತಿನ ಬಂಡಿಯನ್ನೂ ಮಾಡಿಕೊಟ್ಟನಂತೆ. ಹದಿನೇಳಕ್ಕೆ ಪಳಗಿದ ಬಡಗಿ. ಹಿಲ್ಸ್‌ಡೇಲ್ ಕಾಲೇಜಿನಲ್ಲಿ ಸ್ವಲ್ಪ ಓದಿದ. ಮುಂದೆ ಇಂಡಿಯಾನಾ ಪ್ರಾಂತದ ಎಲ್ಕ್‌ಹಾರ್ಟ್ ಪಟ್ಟಣಕ್ಕೆ ಬಂದು, ಹೊಲಿಗೆಯಿಲ್ಲದ ಕಾಲುಚೀಲ ಹೆಣೆಯುವ ಯಂತ್ರದ ಉದ್ಯಮದಲ್ಲಿ ಸಾಕಷ್ಟು ಸಂಪಾದಿಸಿದ. ನಮ್ಮ ಕಾಮರ್ಸ್ ಪುಸ್ತಕದ ಪ್ರಕಾರ ಕತೆ ಇಲ್ಲಿಗೆ ಸುಖಾಂತ್ಯವಾಗಬೇಕಿತ್ತು. ಆದರೆ ದುಡಿದೂ ದುಡಿದೂ ಅವನ ನರಗಳು ಸೋತವು, ಆರೋಗ್ಯ ಕೆಟ್ಟಿತು. ಮೂವತ್ತು ದಾಟಿದ ಪ್ರಾಯದಲ್ಲಿ ಕಾರಖಾನೆಯ ಪಾಲನ್ನು ಬಿಟ್ಟುಕೊಟ್ಟು ಹೊರಬಿದ್ದ.

ಲೋಕಕ್ಕೆ ಮೋಜು ಕೊಟ್ಟವನು ಇಂಥ ದಣಿದ ಮನುಷ್ಯ. ನನಗೆ ಅವನ ಜೀವನದಲ್ಲಿ ಅತ್ಯಂತ ಮುಖ್ಯ ಅನ್ನಿಸಿದ್ದು ಇದೇ.

ಆ ಕಾಲಕ್ಕೆ ಪೆನ್ಸಿಲ್ವೇನಿಯಾದಲ್ಲಿ ಮಾಕ್ ಚಂಕ್ ಅನ್ನುವ ಊರಿತ್ತು. ಅಲ್ಲಿ 1827ರಲ್ಲೇ ಬೆಟ್ಟದ ಗಣಿಯಿಂದ ನದಿಯ ದಡಕ್ಕೆ ಕಲ್ಲಿದ್ದಲು ಇಳಿಸಲು ಸುಮಾರು ಒಂಬತ್ತು ಮೈಲಿ ಉದ್ದದ ಇಳಿಜಾರು ರೈಲುದಾರಿ ಹಾಕಿದ್ದರು. ಇಳಿಯೋದಕ್ಕೆ ಇಂಜಿನ್ ಬೇಡ, ಭೂಮಿಯ ಸೆಳೆತವೇ ಸಾಕು. ಖಾಲಿ ಬಂಡಿಗಳನ್ನು ಮೇಲೆಳೆಯಲು ಹೇಸರಗತ್ತೆಗಳು. ಆ ಹೇಸರಗತ್ತೆಗಳನ್ನೂ ಬಂಡಿಯಲ್ಲೇ ಕೂಡಿಸಿ ಕೆಳಗೆ ತರುತ್ತಿದ್ದರು. ಒಮ್ಮೆ ಆ ಸವಾರಿಯ ರುಚಿ ಹತ್ತಿದ ಮೇಲೆ ಅವು ನಡೆದು ಇಳಿಯಲು ಒಪ್ಪುತ್ತಲೇ ಇರಲಿಲ್ಲ ಅನ್ನುವ ಕತೆ ಇದೆ. ಕತೆಯೋ ನಿಜವೋ, ನಾನಂತೂ ನಂಬಿದ್ದೇನೆ. ಮುಂದೆ ಕಲ್ಲಿದ್ದಲಿಗೆ ಬೇರೆ ದಾರಿಯಾದಾಗ ಆ ರೈಲುದಾರಿ 1870ರ ದಶಕದಲ್ಲಿ ಪ್ರವಾಸಿಗಳ ಸವಾರಿಯಾಯಿತು. ದುಡ್ಡು ಕೊಟ್ಟು ಜನ ಬೆಟ್ಟ ಇಳಿಯಲು ಬಂದರು. ಅದನ್ನು ಕಂಡೇ ಥಾಂಪ್ಸನ್ನನಿಗೆ ಯೋಚನೆ ಹೊಳೆದದ್ದು ಅನ್ನುತ್ತಾರೆ. ಬೆಟ್ಟಕ್ಕೆ ಜನ ಹೋಗುವ ಬದಲು ಜನ ಇರುವಲ್ಲಿಗೇ ಬೆಟ್ಟವನ್ನು ತಂದರೇನು?

ಇಲ್ಲೊಂದು ಮಾತು ಹೇಳಬೇಕು, ಇಲ್ಲದಿದ್ದರೆ ಇತಿಹಾಸದ ಗೆಳೆಯರು ನನ್ನನ್ನು ಬಿಡೋದಿಲ್ಲ. ಜಾರುವ ಮೋಜನ್ನು ಥಾಂಪ್ಸನ್ ಕಂಡುಹಿಡಿಯಲಿಲ್ಲ. ರಷ್ಯದವರು ಅದಕ್ಕೂ ಎಷ್ಟೋ ಮೊದಲೇ ಮರದ ಅಟ್ಟಣೆ ಕಟ್ಟಿ, ನೀರು ಸುರಿದು ಮಂಜುಗಟ್ಟಿಸಿ ಜಾರುತ್ತಿದ್ದರು. 1817ರಲ್ಲಿ ಪ್ಯಾರಿಸ್ಸಿನಲ್ಲಿ ಗಾಲಿಬಂಡಿಗಳ ಜಾರುದಾರಿಗಳಿದ್ದವು, ಅವಕ್ಕೆ ರಷ್ಯದ ಬೆಟ್ಟಗಳು ಅಂತಲೇ ಹೆಸರು. ಅಮೆರಿಕದಲ್ಲೂ ಇವನಿಗಿಂತ ಮುಂಚೆ ಪೇಟೆಂಟ್ ಪಡೆದವರಿದ್ದರು. ಪೇಟೆಂಟ್ ಕಾಗದದ ಮೇಲಿತ್ತು, ಕಟ್ಟಿ ದುಡ್ಡು ಹಾಕಿದವನು ಇವನು.

1884ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಸಮುದ್ರತೀರವಾದ ಕೋನಿ ಐಲೆಂಡಿನಲ್ಲಿ ಅವನ ಸ್ವಿಚ್‌ಬ್ಯಾಕ್ ರೈಲ್ವೆ ಶುರುವಾಯಿತು. ನಮ್ಮ ಜುಹೂ ಚೌಪಾಟಿಯ ಹಾಗೆ ದುಡಿಯುವ ಜನ ರಜೆಯ ದಿನ ಗಾಳಿ ಕುಡಿಯಲು ಬರುವ ಜಾಗ ಅದು. ಎರಡು ತುದಿಗೆ ಎರಡು ಅಟ್ಟಣೆ, ನಡುವೆ ಅಲೆಅಲೆಯಾಗಿ ಸುಮಾರು 600 ಅಡಿ ಹಳಿ. ಅಟ್ಟಣೆಯ ಎತ್ತರ 50 ಅಡಿ. ಜನ ತಾವೇ ಮೆಟ್ಟಿಲು ಹತ್ತಬೇಕು. ಮೇಲೆ ಬೆಂಚಿನಂಥ ಬಂಡಿ, ಅದರಲ್ಲಿ ಮುಂದಕ್ಕಲ್ಲ, ಪಕ್ಕಕ್ಕೆ ಮುಖಮಾಡಿ ಕೂರಬೇಕು. ಬಂಡಿ ಉರುಳಿಕೊಂಡು ಆ ತುದಿ ಸೇರಿದರೆ ಎಲ್ಲರೂ ಇಳಿಯಬೇಕು. ಆಳುಗಳು ಬಂಡಿಯನ್ನು ಪಕ್ಕದ ಹಳಿಗೆ ದಾಟಿಸಿ ನೂಕಿ ಮೇಲೇರಿಸಿದ ಮೇಲೆ ಮತ್ತೆ ಕೂತು ವಾಪಸ್ಸು ಬರೋದು. ವೇಗ ಎಷ್ಟು ಗೊತ್ತೇ? ತಾಸಿಗೆ ಆರು ಮೈಲಿ! ಸೈಕಲ್ಲಿನಲ್ಲಿ ಹಾಲು ಹಾಕುವ ಭಯ್ಯಾ ಇದಕ್ಕಿಂತ ಜೋರಾಗಿ ಹೋಗುತ್ತಾನೆ.

ದರ ಐದು ಸೆಂಟು. ದಿನಕ್ಕೆ ಆರುನೂರು ಡಾಲರ್ ಹುಟ್ಟುತ್ತಿತ್ತು, ಮೂರು ವಾರದಲ್ಲಿ ಹಾಕಿದ ಅಸಲು ಬಂದುಬಿಟ್ಟಿತು ಅನ್ನೋದು ರೂಢಿಯ ಮಾತು. ನಾನು ಲೆಕ್ಕ ಹಾಕಿ ನೋಡಿದೆ: ದಿನಕ್ಕೆ 12,000 ಟಿಕೆಟ್ ಆಗಬೇಕು. ವೋಚರ್ ನೋಡದೆ ನಾನು ಸಹಿ ಹಾಕೋದಿಲ್ಲ. ಆದರೂ ಜನ ಮುಗಿಬಿದ್ದದ್ದು ಸುಳ್ಳಲ್ಲ, ನಾಲ್ಕೇ ವರ್ಷದಲ್ಲಿ ಇಂಥ ಹತ್ತಾರು ದಾರಿಗಳು ಅಮೆರಿಕದಲ್ಲೂ ಯುರೋಪಿನಲ್ಲೂ ಎದ್ದವು.

ಇಷ್ಟು ನಿಧಾನದ ಬಂಡಿಯಲ್ಲಿ ಸುಖ ಎಲ್ಲಿಂದ ಬಂತು? ವೇಗದಿಂದ ಅಂತ ನಾವು ತಿಳಕೊಂಡಿದ್ದೇವೆ, ಅದು ತಪ್ಪು. ನಮ್ಮ ಲೋಕಲ್ ಟ್ರೇನು ಎಷ್ಟೋ ಜೋರಾಗಿ ಓಡುತ್ತೆ, ಯಾರಾದರೂ ಖುಷಿಯಿಂದ ಕಿರುಚಿದ್ದು ಕಂಡಿದ್ದೀರಾ? ಒಂದೇ ವೇಗದಲ್ಲಿ ಎಷ್ಟು ಜೋರಾಗಿ ಹೋದರೂ ಮೈಗೆ ಗೊತ್ತಾಗೋದಿಲ್ಲ. ಬದಲಾಗುವಾಗಲೇ ಗೊತ್ತಾಗೋದು. ಕೂತಾಗ ಸೀಟು ನಮ್ಮನ್ನು ಕೆಳಗಿನಿಂದ ಒತ್ತುತ್ತಾ ಇರುತ್ತೆ, ಆ ಒತ್ತಡವನ್ನೇ ನಾವು ತೂಕ ಅನ್ನೋದು. ದಿಬ್ಬದ ನೆತ್ತಿ ದಾಟಿ ಬಂಡಿ ಕೆಳಗೆ ಬಾಗಿದಾಗ ಸೀಟು ಒಂದು ಕ್ಷಣ ಆ ಕೆಲಸ ಕಡಿಮೆ ಮಾಡುತ್ತೆ. ಹೊಟ್ಟೆಯೊಳಗೆ ಝುಂ ಅನ್ನುತ್ತೆ, ಕಿವಿಯೊಳಗಿನ ಸಮತೋಲದ ಅಂಗ ಬೀಳ್ತಿದ್ದೀಯ ಅಂತ ಕೂಗುತ್ತೆ. ತಗ್ಗಿಗೆ ಬಂದಾಗ ಕೊಟ್ಟ ತೂಕವನ್ನು ಬಡ್ಡಿ ಸಮೇತ ವಾಪಸ್ಸು ಹೇರುತ್ತೆ. ಮೈ ಬಿದ್ದೆ ಅನ್ನುತ್ತೆ, ಬುದ್ಧಿ ಬೀಳಲಿಲ್ಲ ಅನ್ನುತ್ತೆ. ಆ ಜಗಳದಲ್ಲಿ ಬುದ್ಧಿ ಗೆದ್ದಾಗ ಬರೋದೇ ನಗು. ಊರ ಜಾತ್ರೆಯ ತೊಟ್ಟಿಲಿನಲ್ಲಿ ಕೂತವರಿಗೆಲ್ಲ ಇದು ಗೊತ್ತು, ಮೇಲೆ ಹೋಗುವಾಗಿನ ಖುಷಿಗಿಂತ ಇಳಿಯುವಾಗಿನದೇ ಬೇರೆ.

ಇನ್ನೊಂದು ಸಂಗತಿಯೂ ಇದೆ, ಅದು ನಮ್ಮ ಶಾಸ್ತ್ರಕ್ಕೆ ಸೇರಿದ್ದು. ಬಂಡಿಗೆ ಇಂಜಿನ್ ಇಲ್ಲ. ಮೊದಲ ಏರಿನಲ್ಲಿ ಎಷ್ಟು ಎತ್ತರಕ್ಕೆ ಹೋದೆವೋ ಅಷ್ಟೇ ಬಂಡವಾಳ. ಆಮೇಲೆ ದಾರಿಯುದ್ದಕ್ಕೂ ಖರ್ಚೇ, ಜಮೆ ಇಲ್ಲ. ಗಾಲಿಯ ತಿಕ್ಕಾಟ, ಗಾಳಿಯ ತಡೆ ಸ್ವಲ್ಪ ಸ್ವಲ್ಪ ತಿನ್ನುತ್ತಾ ಹೋಗುತ್ತವೆ. ಅದಕ್ಕೇ ಮುಂದಿನ ಯಾವ ದಿಬ್ಬವೂ ಮೊದಲನೆಯದಕ್ಕಿಂತ ಎತ್ತರ ಇರುವಂತಿಲ್ಲ. ಇದ್ದದ್ದನ್ನು ಎಲ್ಲಿ ಎಷ್ಟು ಖರ್ಚು ಮಾಡಬೇಕು ಅನ್ನುವುದರಲ್ಲೇ ಕಟ್ಟುವವನ ಜಾಣತನ ಇರೋದು.

ಥಾಂಪ್ಸನ್ನನಿಗೆ 1885ರ ಜನವರಿಯಲ್ಲಿ ಪೇಟೆಂಟ್ ಸಿಕ್ಕಿತು. ಅಷ್ಟರಲ್ಲಿ ಪೈಪೋಟಿಯವರು ಎದ್ದಿದ್ದರು. ಚಾರ್ಲ್ಸ್ ಆಲ್ಕೋಕ್ ಎನ್ನುವವನು ಎರಡು ತುದಿಯನ್ನೂ ಸೇರಿಸಿ ದಾರಿಯನ್ನು ಸುತ್ತು ಮಾಡಿದ, ಜನ ನಡುವೆ ಇಳಿಯಬೇಕಾದ ರಗಳೆ ತಪ್ಪಿತು. 1885ರಲ್ಲಿ ಫಿಲಿಪ್ ಹಿಂಕಲ್ ಎನ್ನುವವನು ಬಂಡಿಯನ್ನು ಯಂತ್ರದಿಂದ ಮೇಲೆಳೆದ, ಮುಖ ಮುಂದಕ್ಕೆ ಮಾಡಿಸಿದ. ಬೇರೆಯವನಾಗಿದ್ದರೆ ಇನ್ನೂ ಎತ್ತರ, ಇನ್ನೂ ಕಡಿದು ಅಂತ ಹೊರಡುತ್ತಿದ್ದ. ಥಾಂಪ್ಸನ್ ಹೊರಟದ್ದು ಬೇರೆ ದಿಕ್ಕಿಗೆ. 1887ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಸೀನಿಕ್ ರೈಲ್ವೆ ಕಟ್ಟಿದ. ಬಂಡಿ ಕತ್ತಲೆಯ ಸುರಂಗಕ್ಕೆ ನುಗ್ಗುತ್ತದೆ, ಪಕ್ಕದವರ ಕೈ ಕಾಣೋದಿಲ್ಲ. ಬಂಡಿಯೇ ಒಂದು ಸನ್ನೆಯನ್ನು ತಾಗಿಸಿದೊಡನೆ ದೀಪ ಹತ್ತಿ ಬಣ್ಣದ ದೃಶ್ಯಗಳು ಕಣ್ಣಮುಂದೆ ಬರುತ್ತವೆ. ಮುಂದೇನು ಅಂತ ಗೊತ್ತಿಲ್ಲದಿರೋದೇ ಅರ್ಧ ಸುಖ ಅನ್ನೋದನ್ನು ಅವನು ಕಂಡುಕೊಂಡಿದ್ದ. ಇವತ್ತಿನ ದೊಡ್ಡ ಪಾರ್ಕುಗಳ ಕತ್ತಲೆ ಸವಾರಿಗಳಿಗೆಲ್ಲ ಆ ಸುರಂಗದ ಋಣ ಇದೆ.

ಅವನು ಭಕ್ತ ಕ್ರೈಸ್ತ, ಭಾನುವಾರದ ಬೈಬಲ್ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವನು. ದುಡಿಯುವ ಯುವಕರು ಬಿಯರ್ ಅಂಗಡಿ, ಜೂಜು ಅಂತ ಹಾಳಾಗುವ ಬದಲು ಬಿಸಿಲಲ್ಲಿ ಗಾಳಿಯಲ್ಲಿ ಕೂತು ನಗಲಿ ಅನ್ನೋದು ಅವನ ಉದ್ದೇಶವಾಗಿತ್ತು ಎಂದು ಬರೆಯುತ್ತಾರೆ. ಕತ್ತಲೆಯ ಸುರಂಗದಲ್ಲಿ ಹುಡುಗ ಹುಡುಗಿಯರನ್ನು ಒತ್ತಿ ಕೂಡಿಸಿದವನ ಉದ್ದೇಶದ ಬಗ್ಗೆ ನಮ್ಮ ಹಾಸ್ಟೆಲಿನ ಗೆಳೆಯರಿಗೆ ಅನುಮಾನವಿದೆ. ನಾನು ಅವನ ಪರ. ಮೈ ಸೋತು ಕೂತವನಿಗೇ ಗೊತ್ತು ವಿರಾಮದ ಬೆಲೆ.

1895ರಲ್ಲಿ ತನ್ನ ಹೆಸರಿನಲ್ಲೇ ಕಂಪನಿ ಕಟ್ಟಿ ದೇಶವಿದೇಶಗಳಲ್ಲಿ ಸೀನಿಕ್ ರೈಲ್ವೆ ಹಬ್ಬಿಸಿದ. ಆದರೆ ಅವನ ಬಂಡಿಗಳಿಗೆ ಒಂದು ಮಿತಿ ಇತ್ತು. ಗಾಲಿ ಹಳಿಯ ಮೇಲೆ ಕೂತಿರುತ್ತಿತ್ತೇ ಹೊರತು ಕೆಳಗಿನಿಂದ ಹಿಡಿದುಕೊಂಡಿರಲಿಲ್ಲ. ದಿಬ್ಬ ತುಂಬಾ ಕಡಿದಾದರೆ ಬಂಡಿ ಹಳಿ ಬಿಟ್ಟು ಹಾರೋದೇ. ಅದಕ್ಕೇ ಬಂಡಿಯಲ್ಲಿ ಒಬ್ಬ ಬ್ರೇಕಿನವನು. ಎಳೆವಯಸ್ಸಿನಲ್ಲೇ ಥಾಂಪ್ಸನ್ನನ ಬಳಿ ಕೆಲಸಕ್ಕೆ ಸೇರಿದ್ದ ಜಾನ್ ಮಿಲ್ಲರ್ ಈ ಗಂಟನ್ನು ಬಿಡಿಸಿದ: ಹಳಿಯ ಅಡಿಗೆ ಇನ್ನೊಂದು ಗಾಲಿ. ಬಂಡಿ ಇನ್ನು ಎಗರುವಂತಿಲ್ಲ, ಕೂತವರು ಮಾತ್ರ ಸೀಟಿನಿಂದ ಎಗರಬಹುದು. ಮಿಲ್ಲರನ ಆ ಪೇಟೆಂಟ್ ಬಂದದ್ದು 1919ರಲ್ಲಿ. ಥಾಂಪ್ಸನ್ ಲಾಂಗ್ ಐಲೆಂಡಿನ ಗ್ಲೆನ್ ಕೋವಿನಲ್ಲಿ ತೀರಿಕೊಂಡದ್ದೂ ಅದೇ ವರ್ಷ, ಎಪ್ಪತ್ತು ದಾಟಿತ್ತು. ನರಗಳು ಸೋತು ಕಾರಖಾನೆ ಬಿಟ್ಟವನು ಆಮೇಲೆ ಮೂವತ್ತೈದು ವರ್ಷಕ್ಕೂ ಮಿಕ್ಕಿ ಬದುಕಿದ. 1927ರಲ್ಲಿ ಕೋನಿ ಐಲೆಂಡಿನಲ್ಲಿ ಸೈಕ್ಲೋನ್ ಎಂಬ ಕಡಿದಾದ ಮರದ ಕೋಸ್ಟರ್ ಬಂದಾಗ ನೋಡಲು ಅವನಿರಲಿಲ್ಲ.

ಹಳೆಯ ಮಾದರಿಯ ಸೀನಿಕ್ ರೈಲ್ವೆ ಒಂದು ಆಸ್ಟ್ರೇಲಿಯದ ಮೆಲ್ಬರ್ನಿನ ಲೂನಾ ಪಾರ್ಕಿನಲ್ಲಿದೆ. 1912ರದ್ದು, ಮರದ್ದು, ಸಮುದ್ರ ಕಾಣುತ್ತೆ. ಬಂಡಿಯ ಮಧ್ಯೆ ಬ್ರೇಕಿನವನು ಇನ್ನೂ ನಿಂತೇ ಹೋಗುತ್ತಾನೆ.

ಅಪ್ಪ ಈಗ ಮುಂಬಯಿಯಲ್ಲಿಲ್ಲ. ನಿಂತು ನಿಂತು ಸೊಂಟ ಹೋಯಿತು, ಕುಂದಾಪುರದ ಹತ್ತಿರ ಊರಲ್ಲಿದ್ದಾರೆ. ಭಾನುವಾರ ಫೋನಿನಲ್ಲಿ ಮಾತು. ಈ ಲೇಖನ ಬರೀತಾ ಇದ್ದೇನೆ ಅಂದಾಗ ಗೊರಾಯಿಯ ಆ ರೈಲು ಇನ್ನೂ ಓಡ್ತಾ ಉಂಟಾ ಅಂತ ಕೇಳಿದರು. 1989ರಲ್ಲಿ ಶುರುವಾದ ಆ ಪಾರ್ಕು 2022ರಲ್ಲೇ ಮುಚ್ಚಿತು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಮೆಲ್ಬರ್ನಿನದು ಓಡ್ತಾ ಇದೆ ಅಪ್ಪ, ನೂರು ವರ್ಷ ಕಳೆದರೂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಟಿಕೆಟ್ ಎಷ್ಟು ಅಂತ ಕೇಳಿದರು.