ಕಾಂಟ್ ಮತ್ತು ನಮ್ಮ ಪ್ರಾಕ್ಸಿ

ಜ್ವರ ಬಂದು ಮಲಗಿದ್ದ ಗೆಳೆಯನಿಗೆ ಹೋದ ತಿಂಗಳು ನಾವು ಪ್ರಾಕ್ಸಿ ಹಾಕಿದ್ವಿ. ಅದು ತಪ್ಪಾ ಅಂತ ರಾತ್ರಿ ಹಾಸ್ಟೆಲ್‌ನಲ್ಲಿ ಶುರುವಾದ ವಾದ ಇಮ್ಯಾನುಯೆಲ್ ಕಾಂಟ್ ತನಕ ಹೋಯ್ತು.

ಕಾಂಟ್ ಹುಟ್ಟಿದ್ದು 1724ರಲ್ಲಿ, ಪ್ರಷ್ಯಾದ ಕೋನಿಗ್ಸ್‌ಬರ್ಗ್‌ನಲ್ಲಿ. ಗ್ರಾಫ್ ಥಿಯರಿಯಲ್ಲಿ ಏಳು ಸೇತುವೆಗಳ ಲೆಕ್ಕ ಬರುತ್ತಲ್ಲ, ಅದೇ ಊರು. ಅಪ್ಪ ಕುದುರೆಗಳಿಗೆ ಚರ್ಮದ ಪಟ್ಟಿ, ಲಗಾಮು ಮಾಡುವವರು. ದೈವಭಕ್ತೆ ಅಮ್ಮ ತೀರಿಕೊಂಡಾಗ ಹುಡುಗನಿಗೆ 13 ವರ್ಷ. ಮುಂದೆ ಕೆಲವು ವರ್ಷ ಮನೆಪಾಠ, 1755ರಿಂದ ವಿಶ್ವವಿದ್ಯಾಲಯದಲ್ಲಿ ಪಾಠ. ಕ್ಲಾಸಿಗೆ ಬಂದವರು ಕೊಡುವ ಫೀಸೇ ಮುಖ್ಯ ಆದಾಯ. ಪ್ರೊಫೆಸರ್ ಆಗಿದ್ದು 1770ರಲ್ಲಿ. ಮದುವೆ ಆಗಲಿಲ್ಲ.

1785ರಲ್ಲಿ ನೀತಿಯ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದರು. ಚಿಕ್ಕದು ಅಂತ ಮೋಸ ಹೋಗಬೇಡಿ, ನಮಗೆ ಹತ್ತು ಪುಟಕ್ಕೇ ತಲೆ ಬಿಸಿಯಾಯ್ತು. ಪಾಸಾಗಬೇಕಾದರೆ ಓದು ಅನ್ನೋದು ಷರತ್ತಿನ ಆದೇಶ. ಪಾಸಾಗೋ ಆಸೆ ಇಲ್ಲದವನಿಗೆ ಅದು ಅನ್ವಯಿಸಲ್ಲ. ಸುಳ್ಳು ಭಾಷೆ ಕೊಡಬೇಡ ಅನ್ನೋದಕ್ಕೆ ಷರತ್ತೇ ಇಲ್ಲ. ಅದೇ ನಿರುಪಾಧಿಕ ಆದೇಶ. ಪರೀಕ್ಷೆ ಹೀಗೆ: ನಾವು ಮಾಡ್ತಿರೋದು ಎಲ್ಲರಿಗೂ ನಿಯಮವಾದರೆ ನಿಲ್ಲುತ್ತಾ? ಎಲ್ಲರೂ ಪ್ರಾಕ್ಸಿ ಹಾಕಿದರೆ ಹಾಜರಿಯನ್ನ ಯಾರೂ ನಂಬಲ್ಲ, ಪ್ರಾಕ್ಸಿಯಿಂದಲೂ ಪ್ರಯೋಜನ ಇರಲ್ಲ. ಇನ್ನೊಂದು ರೂಪದಲ್ಲಿ, ಮನುಷ್ಯರನ್ನ ಬರೀ ಸಾಧನವಾಗಿ ಬಳಸಬಾರದು. ವಸ್ತುಗಳಿಗೆ ಬೆಲೆ, ಮನುಷ್ಯನಿಗೆ ಘನತೆ. ಹಾಜರಿ ಕೂಗಿದ ಮೇಡಂ ನಮಗೆ ಏನಾಗಿದ್ದರು ಅಂತ ಯೋಚಿಸಿದಾಗ ರೂಮು ಸ್ವಲ್ಪ ಹೊತ್ತು ಸುಮ್ಮನಾಯ್ತು.

ಆದ್ರೆ 1797ರ ಲೇಖನ ನಮಗೆ ಜೀರ್ಣವಾಗಲಿಲ್ಲ. ಮನೆಯಲ್ಲಿ ಅಡಗಿರುವ ಗೆಳೆಯನನ್ನ ಕೊಲೆಗಾರ ಹುಡುಕಿಕೊಂಡು ಬಂದು ಕೇಳಿದರೂ ಸುಳ್ಳು ಹೇಳುವ ಹಕ್ಕಿಲ್ಲವಂತೆ!

ಇಷ್ಟು ಕಟ್ಟುನಿಟ್ಟಿನ ಮನುಷ್ಯ ತಾನೇ ಸಿಕ್ಕಿಕೊಂಡಾಗ ಏನು ಮಾಡಿದರು? ಧರ್ಮದ ಬಗ್ಗೆ 1793ರಲ್ಲಿ ಬರೆದ ಪುಸ್ತಕಕ್ಕೆ ರಾಜ ಎರಡನೇ ಫ್ರೆಡ್ರಿಕ್ ವಿಲ್ಹೆಲ್ಮ್ ಸಿಟ್ಟಾದ. 1794ರಲ್ಲಿ ಎಚ್ಚರಿಕೆ ಪತ್ರ ಬಂತು. 70ರ ಕಾಂಟ್, ರಾಜನ ನಿಷ್ಠಾವಂತ ಪ್ರಜೆಯಾಗಿ ಇನ್ನು ಧರ್ಮದ ಬಗ್ಗೆ ಬರೆಯಲ್ಲ, ಪಾಠವನ್ನೂ ಮಾಡಲ್ಲ ಅಂತ ಮಾತು ಕೊಟ್ಟರು. 1797ರಲ್ಲಿ ರಾಜ ಸತ್ತ. 1798ರಲ್ಲಿ ಕಾಂಟ್ ಮತ್ತೆ ಬರೆದರು. ಆ ರಾಜನ ಪ್ರಜೆಯಾಗಿ ಅನ್ನೋ ಪದಗಳನ್ನ ಬೇಕಂತಲೇ ಹಾಕಿದ್ದೆ, ಮಾತು ಅವನ ಆಯಸ್ಸಿಗಷ್ಟೇ ಸೀಮಿತ ಅಂತ ಬಿಡಿಸಿಯೂ ಹೇಳಿದರು. ಸುಳ್ಳಂತೂ ಅಲ್ಲ. ಆದ್ರೆ ರಾಜ ನಂಬಿದ್ದು ಬೇರೆಯೇ ಇರಬಹುದಲ್ವಾ? ಇದರ ಮೇಲೆ ನಮ್ಮ ರೂಮು ಎರಡು ಪಕ್ಷವಾಯ್ತು, ಇನ್ನೂ ಹಾಗೇ ಇದೆ.

1804ರಲ್ಲಿ ಕಾಂಟ್ ಅದೇ ಊರಲ್ಲಿ ತೀರಿಕೊಂಡರು. ಗೆಳೆಯನ ಜ್ವರ ಬಿಟ್ಟಿದೆ. ಮೇಡಂ ಈ ಪತ್ರಿಕೆ ಓದ್ತಾರೆ ಅಂತ ಗೊತ್ತಿದ್ದೇ ಬರೀತಿದ್ದೀವಿ.