ಡಾ. ಎಂ.ವಿ. ಗೋವಿಂದಸ್ವಾಮಿ: ಜೀವನ ಮತ್ತು ಸೇವೆ

ಪೀಠಿಕೆ

ಕತ್ರಿಗುಪ್ಪೆ, ಬನಶಂಕರಿ, ಜಯನಗರ ಹಾಗೂ ಬಿ.ಟಿ.ಎಂ. ಬಡಾವಣೆಗಳ ನಿವಾಸಿಗಳಿಗೆ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯು ಚಿರಪರಿಚಿತ. ಮನಸ್ಸಿನ ತೊಂದರೆಯುಳ್ಳವರೊಂದಿಗೆ ಮಾತಿನ ಮೂಲಕವೇ ಚಿಕಿತ್ಸೆ ನಡೆಸಬಲ್ಲವರನ್ನು ಕ್ರಮಬದ್ಧವಾಗಿ ತರಬೇತುಗೊಳಿಸುವ ಕಾರ್ಯವು ಈ ಆವರಣದಲ್ಲಿ ಹೇಗೆ ಆರಂಭವಾಯಿತು ಎಂಬ ವಿಷಯ ಮಾತ್ರ ಅನೇಕರಿಗೆ ತಿಳಿದಿಲ್ಲ. ಆ ಕಾರ್ಯದೊಂದಿಗೆ ಬೆರೆತಿರುವ ಹೆಸರು ಡಾ. ಎಂ.ವಿ. ಗೋವಿಂದಸ್ವಾಮಿಯವರದು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಹಾಗೂ ಸೇವೆಯ ಸಂಕ್ಷಿಪ್ತ ವಿವರವನ್ನು ಇಲ್ಲಿ ನೀಡಲಾಗಿದೆ.

ಮಾನಸಿಕ ಆಸ್ಪತ್ರೆಯ ಹೊಣೆ

ಬೆಂಗಳೂರಿನಲ್ಲಿ ಮನೋರೋಗಿಗಳ ಆಶ್ರಯಾಲಯವು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದಲೇ ಅಸ್ತಿತ್ವದಲ್ಲಿದ್ದಿತು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತು. ಡಾ. ಫ್ರಾಂಕ್ ನರೋನ್ಹಾ ಅವರು ಅಧೀಕ್ಷಕರಾಗಿದ್ದ ಅವಧಿಯಲ್ಲಿ, 1930ರ ದಶಕದಲ್ಲಿ, ಅದು ಪೇಟೆ ಪ್ರದೇಶದಿಂದ ಇಂದಿನ ವಿಶಾಲವಾದ ಆವರಣಕ್ಕೆ ಸ್ಥಳಾಂತರಗೊಂಡಿತು. ನರೋನ್ಹಾ ಅವರ ನಂತರ ಈ ಆಸ್ಪತ್ರೆಯ ಹೊಣೆ ವಹಿಸಿಕೊಂಡವರೇ ಡಾ. ಗೋವಿಂದಸ್ವಾಮಿ. ವೈದ್ಯಶಾಸ್ತ್ರದ ಜೊತೆಗೆ ಮನೋವಿಜ್ಞಾನ ಮತ್ತು ತತ್ತ್ವಶಾಸ್ತ್ರಗಳಲ್ಲಿಯೂ ಅವರಿಗೆ ಆಳವಾದ ಆಸಕ್ತಿ ಇದ್ದಿತು.

ಆ ಕಾಲದಲ್ಲಿ ಮನೋರೋಗಕ್ಕೆ ಲಭ್ಯವಿದ್ದ ಚಿಕಿತ್ಸೆಗಳು ಬಹಳ ಕಡಿಮೆ. ಇಂದು ಬಳಕೆಯಲ್ಲಿರುವ ಬಗೆಯ ಔಷಧಿಗಳು 1950ರ ದಶಕಕ್ಕಿಂತ ಮೊದಲು ಇರಲಿಲ್ಲ. ಹೊಸ ವಿಧಾನಗಳನ್ನು ಪರೀಕ್ಷಿಸಿ ನೋಡುವುದರಲ್ಲಿ ಬೆಂಗಳೂರು ಹಿಂದುಳಿಯಲಿಲ್ಲ. ಭಾರತೀಯ ರೋಗಿಗಳಿಗೆ ನಡೆಸಿದ ಮೆದುಳಿನ ಶಸ್ತ್ರಚಿಕಿತ್ಸೆಯ ಕುರಿತು ಗೋವಿಂದಸ್ವಾಮಿಯವರು ಡಾ. ಬಾಲಕೃಷ್ಣರಾವ್ ಅವರೊಂದಿಗೆ ಸಿದ್ಧಪಡಿಸಿದ ವರದಿಯು 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಔಷಧಿಗಳು ಬಂದ ಮೇಲೆ ಈ ಶಸ್ತ್ರಚಿಕಿತ್ಸೆಯು ಜಗತ್ತಿನಾದ್ಯಂತ ಹಿಂದೆ ಸರಿಯಿತು. ಗೋವಿಂದಸ್ವಾಮಿಯವರ ಸೇವೆಯಲ್ಲಿ ಹೆಚ್ಚು ಕಾಲ ಉಳಿದುಬಂದಿರುವುದು ಅವರು ರೂಪಿಸಿದ ಶಿಕ್ಷಣ ವ್ಯವಸ್ಥೆಯೇ ಆಗಿರುತ್ತದೆ.

ತರಬೇತಿ ಸಂಸ್ಥೆಯ ಸ್ಥಾಪನೆ

1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯ ಅಂದಾಜಿನಂತೆ ಇಡೀ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದುದು ಸುಮಾರು 10 ಸಾವಿರ ಹಾಸಿಗೆಗಳು ಮಾತ್ರ. ಅಂದರೆ ಸರಾಸರಿ 40 ಸಾವಿರ ಜನರಿಗೆ ಒಂದು ಹಾಸಿಗೆ. ಹಾಸಿಗೆಗಳನ್ನು ಹೆಚ್ಚಿಸಲು ಹಣ ಬೇಕು. ಆದರೆ ತರಬೇತಿ ಪಡೆದ ಸಿಬ್ಬಂದಿ ಇಲ್ಲದಿದ್ದಲ್ಲಿ ಹಣದಿಂದಲೂ ಪ್ರಯೋಜನವಿಲ್ಲ. ಈ ಕೊರತೆಯನ್ನು ನೀಗಿಸುವ ಉದ್ದೇಶದಿಂದ ಭಾರತ ಸರ್ಕಾರ ಮತ್ತು ಮೈಸೂರು ಸರ್ಕಾರಗಳು ಜಂಟಿಯಾಗಿ 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಸ್ಥಾಪಿಸಿದವು. ಡಾ. ಗೋವಿಂದಸ್ವಾಮಿಯವರು ಅದರ ಪ್ರಪ್ರಥಮ ನಿರ್ದೇಶಕರಾದರು.

1955ರಲ್ಲಿ ಸಂಸ್ಥೆಯ ತರಗತಿಗಳು ಆರಂಭಗೊಂಡವು. ವೈದ್ಯರಿಗಾಗಿ ಮನೋವೈದ್ಯಕೀಯ ಡಿಪ್ಲೊಮಾ ಇದ್ದಿತು. ಅದರ ಜೊತೆಗೆ, ವೈದ್ಯರಲ್ಲದ, ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗಾಗಿ ಪ್ರತ್ಯೇಕ ಡಿಪ್ಲೊಮಾ ಏರ್ಪಟ್ಟಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಡಾ. ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನೋವಿಜ್ಞಾನ ವಿಭಾಗವು ಆರಂಭವಾಗಿದ್ದುದರಿಂದ ಸಂಸ್ಥಾನಕ್ಕೆ ಈ ವಿಷಯದ ಅಧ್ಯಯನ ಹೊಸದಾಗಿರಲಿಲ್ಲ. ಆದರೆ ಪ್ರಯೋಗಾಲಯದಲ್ಲಿ ಪರೀಕ್ಷೆಗಳನ್ನು ಕಲಿತವರಿಗೆ ರೋಗಿಯ ಎದುರು ಕುಳಿತು ಚಿಕಿತ್ಸೆ ನಡೆಸುವ ಅಭ್ಯಾಸ ಇರಲಿಲ್ಲ. ಈ ಅಂತರವನ್ನು ತುಂಬಲು ಆಸ್ಪತ್ರೆಯೇ ಶಾಲೆಯಾಯಿತು.

ಸಿದ್ಧಾಂತ ಮತ್ತು ಅಭ್ಯಾಸ

ವೈಯಕ್ತಿಕ ಮನೋಚಿಕಿತ್ಸೆಯನ್ನು ಪುಸ್ತಕ ಓದಿದ ಮಾತ್ರಕ್ಕೆ ಕಲಿಯಲು ಸಾಧ್ಯವಿಲ್ಲ. ಒಬ್ಬ ರೋಗಿ, ಒಬ್ಬ ಚಿಕಿತ್ಸಕ, ನಿಗದಿತ ಸಮಯ, ಗೋಪ್ಯತೆಯ ಭರವಸೆ ಇವು ಅದರ ಮೂಲ ಅಂಗಗಳು. ವಿದ್ಯಾರ್ಥಿಯು ರೋಗಿಯ ಜೀವನ ವೃತ್ತಾಂತವನ್ನು ತಾಳ್ಮೆಯಿಂದ ಕೇಳಿ ದಾಖಲಿಸಬೇಕು. ತೊಂದರೆಯ ಕಾರಣಗಳನ್ನು ಸಿದ್ಧಾಂತದ ಬೆಳಕಿನಲ್ಲಿ ಪರಿಶೀಲಿಸಬೇಕು. ನಡೆಸಿದ ಪ್ರತಿಯೊಂದು ಭೇಟಿಯ ಬಗ್ಗೆ ಹಿರಿಯ ಮೇಲ್ವಿಚಾರಕರಿಗೆ ವರದಿ ಮಾಡಬೇಕು. ಎಲ್ಲಿ ಆತುರಪಟ್ಟು ಸಲಹೆ ನೀಡಲಾಯಿತು, ಎಲ್ಲಿ ಸುಮ್ಮನಿದ್ದು ಕೇಳಬೇಕಾಗಿತ್ತು ಎಂಬುದು ಈ ಪರಿಶೀಲನೆಯಲ್ಲಿ ತಿಳಿದುಬರುತ್ತದೆ. ತರಬೇತಿಯಿಲ್ಲದವರ ಕೈಯಲ್ಲಿ ಮಾತು ಸಹ ಹಾನಿಯುಂಟುಮಾಡಬಹುದು. ಆದ್ದರಿಂದಲೇ ಮೇಲ್ವಿಚಾರಣೆಯು ಈ ಶಿಕ್ಷಣದ ಅವಿಭಾಜ್ಯ ಅಂಗವಾಗಿರುತ್ತದೆ.

ಪಾಶ್ಚಾತ್ಯ ಸಿದ್ಧಾಂತಗಳನ್ನು ಹಾಗೆಯೇ ಸ್ವೀಕರಿಸಿದರೆ ಸಾಲದು, ಭಾರತೀಯ ದರ್ಶನಗಳನ್ನು ಹಾಗೂ ಆಯುರ್ವೇದವನ್ನು ಮನೋವೈದ್ಯಕೀಯ ದೃಷ್ಟಿಯಿಂದ ಸಂಶೋಧನೆಗೆ ಒಳಪಡಿಸಬೇಕು ಎಂಬುದು ಗೋವಿಂದಸ್ವಾಮಿಯವರ ನಿಲುವಾಗಿದ್ದಿತು. ಕೂಡುಕುಟುಂಬದಲ್ಲಿ ಬೆಳೆದು ಹಿರಿಯರ ಮಾತಿಗೆ ಬೆಲೆ ಕೊಡುವ ರೋಗಿಯೊಬ್ಬನ ಚಿಕಿತ್ಸೆಯಲ್ಲಿ ಈ ಪ್ರಶ್ನೆಯು ಇಂದಿಗೂ ಎದುರಾಗುತ್ತದೆ.

ನಂತರದ ಬೆಳವಣಿಗೆ

1974ರಲ್ಲಿ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು ವಿಲೀನಗೊಂಡು ನಿಮ್ಹಾನ್ಸ್ ರೂಪುಗೊಂಡಿತು. ಅದನ್ನು ನೋಡಲು ಗೋವಿಂದಸ್ವಾಮಿಯವರು ಬದುಕಿರಲಿಲ್ಲ. ಸಂಸ್ಥೆಯು 1994ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾಯಿತು. 2012ರ ಅಧಿನಿಯಮದ ಮೂಲಕ ರಾಷ್ಟ್ರೀಯ ಪ್ರಾಮುಖ್ಯತೆಯ ಸಂಸ್ಥೆ ಎಂಬ ಸ್ಥಾನವನ್ನು ಪಡೆಯಿತು. ಆವರಣದ ಕಟ್ಟಡವೊಂದಕ್ಕೆ ಗೋವಿಂದಸ್ವಾಮಿಯವರ ಹೆಸರನ್ನು ಇಡಲಾಗಿದೆ.

ಮನೋವಿಜ್ಞಾನದ ಪದವೀಧರರಿಗಾಗಿ ಆರಂಭವಾದ ಡಿಪ್ಲೊಮಾವು ಮುಂದೆ ವೈದ್ಯಕೀಯ ಮತ್ತು ಸಾಮಾಜಿಕ ಮನೋವಿಜ್ಞಾನದ ಎಂ.ಫಿಲ್. ಪದವಿಯಾಗಿ ಬೆಳೆಯಿತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮವು ಚಿಕಿತ್ಸಾ ಮನೋವಿಜ್ಞಾನಿ ಎಂದರೆ ಯಾರು ಎಂಬುದನ್ನು ವಿವರಿಸುವಾಗ ಈ ಪದವಿಯನ್ನು ಹೆಸರಿಸಿರುತ್ತದೆ. ಎರಡು ವರ್ಷಗಳ ಪೂರ್ಣಾವಧಿ ವ್ಯಾಸಂಗ ಹಾಗೂ ಮೇಲ್ವಿಚಾರಣೆಯಲ್ಲಿ ಪಡೆದ ಚಿಕಿತ್ಸಾ ತರಬೇತಿಯನ್ನು ಸಹ ಅಗತ್ಯಪಡಿಸಿರುತ್ತದೆ. ಆಸ್ಪತ್ರೆಯ ವಾರ್ಡುಗಳಲ್ಲಿ ಆರಂಭವಾದ ಶಿಸ್ತು ಹೀಗೆ ಕಾನೂನಿನ ಅಂಶವಾಯಿತು.

ಸಾರ್ವಜನಿಕರ ಗಮನಕ್ಕೆ

• ಮನೋಚಿಕಿತ್ಸೆಗಾಗಿ ಖಾಸಗಿಯವರನ್ನು ಸಂಪರ್ಕಿಸುವವರು ಚಿಕಿತ್ಸಕರ ವಿದ್ಯಾರ್ಹತೆ, ತರಬೇತಿ ಮತ್ತು ನೋಂದಣಿಯ ಬಗ್ಗೆ ವಿಚಾರಿಸುವುದು ಸೂಕ್ತ. ಇದು ಅವಿಶ್ವಾಸದ ಸಂಕೇತವಲ್ಲ.
• 2017ರ ಅಧಿನಿಯಮದಂತೆ ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಮತ್ತು ಚಿಕಿತ್ಸೆಯ ವಿವರಗಳು ಗೋಪ್ಯವಾಗಿರುವುದು ಪ್ರತಿಯೊಬ್ಬರ ಹಕ್ಕು. ಗೋಪ್ಯತೆಗೆ ಕಾನೂನಿನಲ್ಲಿ ತಿಳಿಸಿದ ಕೆಲವು ವಿನಾಯಿತಿಗಳಿರುತ್ತವೆ.
• ಅಕ್ಟೋಬರ್ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ನೆರವು ಕೇಳಲು ಸಂಕೋಚಪಟ್ಟು ರೋಗವನ್ನು ಉಲ್ಬಣಗೊಳ್ಳಲು ಬಿಡದೆ, ಸಾರ್ವಜನಿಕರು ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.