ಸರ್ ಫ್ರಾಂಕ್ ಬೆನ್ಸನ್ ಮತ್ತು ಒಂದು ಊರಿನ ನಾಟಕಋತು

ಮಹಾಕವಿಗಳ ನಾಟಕಗಳನ್ನು ಹೊಗಳುವವರು ಎಲ್ಲ ದೇಶಗಳಲ್ಲಿಯೂ ಬಹುಮಂದಿ. ಅವುಗಳನ್ನು ರಂಗಭೂಮಿಯ ಮೇಲೆ ಬದುಕಿಸಿ ಇಡುವವರು ಮಾತ್ರ ವಿರಳ. ಕಪಾಟಿನಲ್ಲಿ ಭದ್ರವಾಗಿರುವ ನಾಟಕವು ಪೂಜೆಯಿಲ್ಲದ ಗುಡಿಯಂತೆ. ಅದಕ್ಕೆ ದೀಪ ಹಚ್ಚುವ ಅರ್ಚಕನೊಬ್ಬನು ಬೇಕು. ಆ ದೀಪಕ್ಕೆ ಎಣ್ಣೆ ಹೊಯ್ಯುವ ಊರೂ ಬೇಕು. ಷೇಕ್ಸ್‌ಪಿಯರ್ ಕವಿಯು ಕನ್ನಡಿಗರಿಗೆ ಹೊಸಬನಲ್ಲ. ಅವನ ‘ಒಥೆಲೋ’ ನಾಟಕವನ್ನು ಬಸವಪ್ಪ ಶಾಸ್ತ್ರಿಗಳು ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ತಂದುದನ್ನು ವಾಚಕರು ಬಲ್ಲರು. ಆದರೆ ಆ ಕವಿಯ ಸ್ವಂತ ಊರಿನಲ್ಲಿಯೇ ಅವನ ನಾಟಕಗಳು ವರ್ಷವರ್ಷವೂ ತಪ್ಪದೆ ನಡೆಯುವಂತಾಗಲು ಒಬ್ಬ ಮನುಷ್ಯನು ತನ್ನ ಆಯುಷ್ಯವನ್ನೂ ಆಸ್ತಿಯನ್ನೂ ಸವೆಸಬೇಕಾಯಿತೆಂಬುದು ಹಲವರಿಗೆ ತಿಳಿದಿರಲಾರದು. ಆ ಮಹನೀಯರ ಚರಿತ್ರೆಯನ್ನು ಸಂಗ್ರಹವಾಗಿ ಹೇಳಲು ನಾವು ಇಲ್ಲಿ ಉದ್ಯುಕ್ತರಾಗಿದ್ದೇವೆ.

ಫ್ರಾಂಕ್ ಬೆನ್ಸನ್ನರು ೧೮೫೮ನೆಯ ಇಸವಿಯಲ್ಲಿ ಇಂಗ್ಲೆಂಡಿನ ಒಂದು ಸ್ಥಿತಿವಂತ ಮನೆತನದಲ್ಲಿ ಜನಿಸಿದರು. ವಿಂಚೆಸ್ಟರ್ ಶಾಲೆಯಲ್ಲಿಯೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿದರು. ಓಟದ ಪಂದ್ಯಗಳಲ್ಲಿ ಇವರು ವಿಶ್ವವಿದ್ಯಾಲಯಕ್ಕೆ ಕೀರ್ತಿ ತಂದವರು. ೧೮೮೦ರಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ಈಸ್ಕಿಲಸ್ ಕವಿಯ ‘ಅಗಮೆಮ್ನಾನ್’ ನಾಟಕವನ್ನು ಮೂಲ ಗ್ರೀಕ್ ಭಾಷೆಯಲ್ಲಿಯೇ ಆಡಿದಾಗ ರಾಣಿಯ ಪಾತ್ರವನ್ನು ವಹಿಸಿದವರು ಇವರೇ. ಪಂಡಿತರ ಕೈಯಲ್ಲಿ ಮಾತ್ರ ಉಳಿದಿದ್ದ ಕೃತಿಯೊಂದು ರಂಗದ ಮೇಲೆ ಜೀವ ತಳೆದುದನ್ನು ಕಂಡ ಆ ತರುಣರು ನಟವೃತ್ತಿಯನ್ನೇ ಹಿಡಿದರು. ೧೮೮೨ರಲ್ಲಿ ಲಂಡನ್ನಿನ ಪ್ರಸಿದ್ಧ ನಟ ಹೆನ್ರಿ ಇರ್ವಿಂಗರ ಮಂಡಳಿಯಲ್ಲಿ ಒಂದು ಸಣ್ಣ ಪಾತ್ರ ದೊರೆಯಿತು. ಮರುವರ್ಷ ಅವರು ಸೇರಿದ್ದ ಒಂದು ಸಂಚಾರಿ ಮಂಡಳಿಯು ಹಣವಿಲ್ಲದೆ ಮುರಿದುಬಿದ್ದಾಗ, ತಂದೆಯಿಂದ ಹಣ ತರಿಸಿಕೊಂಡು ಅದನ್ನು ತಾವೇ ಕೈಗೆ ತೆಗೆದುಕೊಂಡರು. ಇಪ್ಪತ್ತೈದು ವರ್ಷವೂ ತುಂಬದ ಯಜಮಾನನ ಹೆಗಲಿಗೆ ಆ ಭಾರ ಬಿದ್ದುದು ಹೀಗೆ.

ಇತ್ತ ಏವನ್ ನದಿಯ ದಡದ ಸ್ಟ್ರಾಟ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಬೇರೊಂದು ಸಾಹಸ ನಡೆದಿತ್ತು. ಷೇಕ್ಸ್‌ಪಿಯರನ ಜನ್ಮಸ್ಥಳವಾದ ಈ ಊರಿನಲ್ಲಿ ಚಾರ್ಲ್ಸ್ ಫ್ಲವರ್ ಎಂಬ ಬಿಯರ್ ತಯಾರಿಕೆಯ ವರ್ತಕರು ತಾವೇ ನಿವೇಶನವನ್ನು ದಾನಮಾಡಿ, ಕವಿಯ ಸ್ಮಾರಕವಾಗಿ ಒಂದು ನಾಟಕಮಂದಿರವನ್ನು ಕಟ್ಟಿಸಲು ಮುಂದಾದರು. ಕವಿಯ ಜನ್ಮದಿನವೆಂದು ಎಣಿಸಲ್ಪಟ್ಟಿರುವ ಏಪ್ರಿಲ್ ೨೩ರಂದು, ೧೮೭೯ರಲ್ಲಿ, ಅದರ ಪ್ರಾರಂಭೋತ್ಸವವಾಯಿತು. ರಾಜಧಾನಿಯ ಪತ್ರಿಕೆಗಳು ಈ ಪ್ರಯತ್ನವನ್ನು ಹಾಸ್ಯಮಾಡಿದುವು. ಮಂದಿರವೇನೋ ಎದ್ದಿತು, ಅದನ್ನು ವರ್ಷವರ್ಷವೂ ತುಂಬುವ ಮಂಡಳಿ ಬೇಕಾಗಿತ್ತು. ೧೮೮೬ರಲ್ಲಿ ಫ್ಲವರರು ಬೆನ್ಸನ್ನರನ್ನು ಕರೆಸಿಕೊಂಡರು.

ಅಲ್ಲಿಂದ ಸುಮಾರು ಮೂವತ್ತು ವರ್ಷಗಳ ಕಾಲ, ನಡುವೆ ಕೆಲವು ವರ್ಷಗಳನ್ನುಳಿದು, ಆ ಊರಿನ ನಾಟಕೋತ್ಸವವು ಬೆನ್ಸನ್ನರದೇ ಆಯಿತು. ಮೊದಮೊದಲು ವಸಂತದಲ್ಲಿ ಒಂದು ವಾರ ಮಾತ್ರ ನಡೆಯುತ್ತಿದ್ದ ಉತ್ಸವವು ಕ್ರಮೇಣ ದೀರ್ಘವಾಯಿತು. ೧೯೧೦ರಲ್ಲಿ ಬೇಸಿಗೆಯ ನಾಟಕಋತುವೂ ಸೇರಿತು. ಮರುವರ್ಷ ಸೆಸಿಲ್ ಷಾರ್ಪರು ಬೇಸಿಗೆಯ ರಜೆಯಲ್ಲಿ ಜನಪದ ಹಾಡು ಕುಣಿತಗಳ ಶಾಲೆಯನ್ನು ಅದೇ ಊರಿನಲ್ಲಿ ತೆರೆದರು. ಹಗಲು ಹಾಡು ಕುಣಿತಗಳ ಅಭ್ಯಾಸ, ರಾತ್ರಿ ಮಹಾಕವಿಯ ನಾಟಕ. ಹೀಗೆ ಸಣ್ಣ ಊರೊಂದು ಒಂದು ವಿದ್ಯಾಕ್ಷೇತ್ರದ ಕಳೆಯನ್ನು ಪಡೆಯಿತು.

ಉಳಿದ ತಿಂಗಳುಗಳಲ್ಲಿ ಬೆನ್ಸನ್ನರ ಮಂಡಳಿಯು ಊರಿಂದೂರಿಗೆ ಸಂಚರಿಸುತ್ತಿತ್ತು. ಒಂದು ಊರಿನಲ್ಲಿ ಒಂದು ವಾರದ ಬಿಡಾರ, ರಾತ್ರಿಗೊಂದು ಬೇರೆ ನಾಟಕ, ಭಾನುವಾರ ರೈಲಿನಲ್ಲಿ ಪರದೆ ಪೆಟ್ಟಿಗೆಗಳೊಡನೆ ಪ್ರಯಾಣ. ನಮ್ಮ ಕಂಪನಿ ನಾಟಕಗಳ ಕ್ಯಾಂಪುಗಳನ್ನು ಬಲ್ಲವರಿಗೆ ಈ ಬಾಳುವೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಇಂದು ರಾಜನಾದವನು ನಾಳೆ ಬಾಗಿಲು ಕಾಯುವ ಭಟನಾಗಬೇಕು. ಈ ಕಟ್ಟುನಿಟ್ಟಿನಲ್ಲಿ ಪಳಗಿದ ನಟರು ಬೆನ್ಸನ್ ಶಿಷ್ಯರೆಂಬ ಹೆಸರಿನಿಂದಲೇ ಮುಂದೆ ಪ್ರಸಿದ್ಧರಾದರು. ಆಸ್ಕರ್ ಆಷ್, ಹೆನ್ರಿ ಐನ್ಲಿ, ಹಾರ್ಕೋರ್ಟ್ ವಿಲಿಯಮ್ಸ್ ಮೊದಲಾದವರು ಆ ಗರಡಿಯವರು. ಮಂಡಳಿಯವರು ಹೋದ ಊರುಗಳಲ್ಲಿ ಸ್ಥಳೀಯರೊಡನೆ ಕ್ರಿಕೆಟ್ ಆಡುತ್ತಿದ್ದರು. ಯಜಮಾನರು ನಟನನ್ನು ಆರಿಸುವಾಗ ಅವನ ಕಂಠಕ್ಕಿಂತ ಚೆಂಡೆಸೆತವನ್ನೇ ಹೆಚ್ಚಾಗಿ ನೋಡುತ್ತಿದ್ದರೆಂಬ ವಿನೋದವೂ ಹುಟ್ಟಿಕೊಂಡಿತು.

ಷೇಕ್ಸ್‌ಪಿಯರನ ನಾಟಕಗಳಲ್ಲಿ ಎರಡನ್ನು ಬಿಟ್ಟು ಮಿಕ್ಕವೆಲ್ಲವನ್ನೂ ಬೆನ್ಸನ್ನರು ರಂಗಕ್ಕೆ ತಂದರು. ಜನರು ಕೇಳುವ ನಾಲ್ಕಾರು ನಾಟಕಗಳನ್ನೇ ತಿರುಗಿ ತಿರುಗಿ ಆಡಿ ಹಣ ಮಾಡುವುದು ಅವರಿಗೆ ಸುಲಭವಾಗಿತ್ತು; ಅವರು ಹಾಗೆ ಮಾಡಲಿಲ್ಲ. ೧೮೯೯ರಲ್ಲಿ ‘ಹ್ಯಾಮ್ಲೆಟ್’ ನಾಟಕವನ್ನು ಯಾವ ಭಾಗವನ್ನೂ ಕತ್ತರಿಸದೆ ಪೂರ್ಣವಾಗಿ ಆಡಿದರು. ೧೯೦೧ರಲ್ಲಿ ಆಂಗ್ಲ ಅರಸರ ಚರಿತ್ರೆಗೆ ಸಂಬಂಧಿಸಿದ ನಾಟಕಗಳನ್ನು ಒಂದರ ಬೆನ್ನಿಗೊಂದರಂತೆ ತೋರಿಸಿದರು.

ಅದೇ ವರ್ಷದ ಅಕ್ಟೋಬರಿನಲ್ಲಿ ನಡೆದ ಒಂದು ಸಂಗತಿಯು ದೇಶಭಾಷಾಭಿಮಾನಿಗಳ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ಡಬ್ಲಿನ್ ನಗರದಲ್ಲಿ ಐರಿಷ್ ಸಾಹಿತ್ಯ ರಂಗದವರು, ಯೇಟ್ಸ್ ಮತ್ತು ಜಾರ್ಜ್ ಮೂರ್ ತಮ್ಮ ನಾಡಿನ ಪುರಾತನ ಕಥೆಯೊಂದನ್ನು ಆಧರಿಸಿ ರಚಿಸಿದ್ದ ನಾಟಕವನ್ನು, ಬೆನ್ಸನ್ನರ ಮಂಡಳಿಯಿಂದ ಆಡಿಸಿದರು. ಆ ನಟರು ಎಷ್ಟೇ ನುರಿತವರಾಗಿದ್ದರೂ ಐರಿಷ್ ವೀರರ ಹೆಸರುಗಳು ಅವರ ನಾಲಗೆಗೆ ಒಗ್ಗಲಿಲ್ಲ. ಅದೇ ರಾತ್ರಿ ಡಗ್ಲಸ್ ಹೈಡರು ಐರಿಷ್ ಭಾಷೆಯಲ್ಲಿ ಬರೆದ ಪುಟ್ಟ ನಾಟಕವನ್ನು ವೃತ್ತಿನಟರಲ್ಲದ ಸ್ಥಳೀಯರು ಆಡಿದರು. ಸಭಿಕರ ಹೃದಯವನ್ನು ಗೆದ್ದುದು ಅದು. ಮೂರು ವರ್ಷಗಳ ತರುವಾಯ ೧೯೦೪ರಲ್ಲಿ ಆ ಜನರು ತಮ್ಮದೇ ನಟರೊಡನೆ ಆಬಿ ರಂಗಮಂದಿರವನ್ನು ತೆರೆದರು. ಇದರಿಂದ ಬೆನ್ಸನ್ನರಿಗೆ ಕುಂದೇನೂ ಇಲ್ಲ. ಒಂದು ನಾಡಿನ ಕವಿಗೆ ಆ ನಾಡಿನ ನಟನೇ ಬೇಕೆಂಬುದು ಸ್ಟ್ರಾಟ್‌ಫರ್ಡಿನಲ್ಲಿ ಎಷ್ಟು ನಿಜವೋ ಡಬ್ಲಿನ್ನಿನಲ್ಲಿಯೂ ಅಷ್ಟೇ ನಿಜವಾಯಿತು.

ಇವರಲ್ಲಿ ದೋಷಗಳಿರಲಿಲ್ಲವೆಂದು ನಾವು ಹೇಳಲಾರೆವು. ಇವರ ಮಾತಿನ ರೀತಿಯು ವಿಚಿತ್ರವೆಂದು ವಿಮರ್ಶಕರು ಆಕ್ಷೇಪಿಸಿದ್ದುಂಟು. ಲೆಕ್ಕಪತ್ರದ ವಿಷಯದಲ್ಲಂತೂ ಇವರು ತೀರ ಉದಾಸೀನರು. ೧೮೯೯ರ ನವೆಂಬರಿನಲ್ಲಿ ನ್ಯೂಕಾಸಲ್ ನಗರದ ನಾಟಕಶಾಲೆಗೆ ಬೆಂಕಿ ಬಿದ್ದು, ಅಲ್ಲಿ ಬಿಡಾರ ಹೂಡಿದ್ದ ಇವರ ಮಂಡಳಿಯ ಪರದೆಗಳೂ ವೇಷಭೂಷಣಗಳೂ ಬೂದಿಯಾದುವು. ಮರುವರ್ಷ ಲಂಡನ್ನಿನಲ್ಲಿ ಹೂಡಿದ ನಾಟಕಋತುವಿನಲ್ಲಿಯೂ ನಷ್ಟವೇ ಆಯಿತು. ಪಿತ್ರಾರ್ಜಿತವು ಹೀಗೆ ಕರಗಿತು. ಆದರೂ ಏಪ್ರಿಲ್ ಬಂದಾಗ ಸ್ಟ್ರಾಟ್‌ಫರ್ಡಿಗೆ ಹೋಗುವುದನ್ನು ಇವರು ಬಿಡಲಿಲ್ಲ.

ಊರು ಇದನ್ನು ಮರೆಯಲಿಲ್ಲ. ೧೯೧೦ರಲ್ಲಿ ಅಲ್ಲಿಯ ಪುರಸಭೆಯು ಇವರಿಗೆ ಗೌರವ ಪೌರತ್ವವನ್ನು ಅರ್ಪಿಸಿತು. ಗ್ಯಾರಿಕ್ ಎಂಬ ಮಹಾನಟನ ತರುವಾಯ ಆ ಮನ್ನಣೆಯು ಬೇರೊಬ್ಬ ನಟನಿಗೆ ಸಂದಿರಲಿಲ್ಲ. ರಾಜಮರ್ಯಾದೆಯು ಆಮೇಲೆ ಬಂದಿತು. ಕವಿಯು ಗತಿಸಿ ಮುನ್ನೂರು ವರ್ಷಗಳು ತುಂಬಿದ ೧೯೧೬ರ ಮೇ ೨ರಂದು ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯಲ್ಲಿ ಸೀಸರನ ವೇಷದಲ್ಲಿದ್ದ ಬೆನ್ಸನ್ನರನ್ನು ಐದನೆಯ ಜಾರ್ಜ್ ದೊರೆಯು ಕರೆಸಿ ನೈಟ್ ಪದವಿಯನ್ನಿತ್ತರು. ಅದಕ್ಕೆ ಬೇಕಾದ ಖಡ್ಗವನ್ನು ಸಮೀಪದ ನಾಟಕಸಾಮಗ್ರಿಯ ಅಂಗಡಿಯಿಂದ ತರಿಸಬೇಕಾಯಿತು. ಅದೇ ವರ್ಷ ಮಹಾಯುದ್ಧದಲ್ಲಿ ಇವರ ಮಗನು ಮಡಿದನು. ಬೆನ್ಸನ್ನರು ತಾವೂ ಫ್ರಾನ್ಸಿನಲ್ಲಿ ಗಾಯಾಳುಗಳ ವಾಹನವನ್ನು ನಡೆಸಿ ಸೇವೆ ಸಲ್ಲಿಸಿದರು.

ಕಡೆಯ ದಿನಗಳು ಕಷ್ಟದವು. ೧೯೩೩ರಲ್ಲಿ ಸರಕಾರವು ವರ್ಷಕ್ಕೆ ೧೦೦ ಪೌಂಡುಗಳ ವಿಶ್ರಾಂತಿವೇತನವನ್ನು ಗೊತ್ತುಮಾಡಿತು. ೧೯೩೯ರ ಡಿಸೆಂಬರ್ ೩೧ರಂದು, ತಮ್ಮ ಎಂಬತ್ತೊಂದನೆಯ ವಯಸ್ಸಿನಲ್ಲಿ, ಅವರು ಲಂಡನ್ನಿನಲ್ಲಿ ದೇಹವನ್ನು ಬಿಟ್ಟರು.

ಈ ಬಾಳು ಸಾರ್ಥಕವೇ ಎಂದು ಕೇಳುವವರಿಗೆ ಒಂದೇ ಸಂಗತಿಯನ್ನು ತೋರಿಸಬಹುದು. ೧೯೨೬ರ ಮಾರ್ಚಿಯಲ್ಲಿ ಸ್ಟ್ರಾಟ್‌ಫರ್ಡಿನ ಸ್ಮಾರಕಮಂದಿರವು ಬೆಂಕಿಗೆ ಆಹುತಿಯಾಯಿತು. ಆಗ ಬೆನ್ಸನ್ನರು ಅಲ್ಲಿಯ ಯಜಮಾನರಾಗಿರಲಿಲ್ಲ. ಆದರೂ ಆ ವರ್ಷದ ಉತ್ಸವವು ನಿಲ್ಲಲಿಲ್ಲ. ಊರಿನ ಚಲನಚಿತ್ರ ಮಂದಿರದಲ್ಲಿ ನಾಟಕಗಳು ನಡೆದುವು. ೧೯೩೨ರಲ್ಲಿ ಹೊಸ ಮಂದಿರವು ಎದ್ದಿತು. ೧೯೬೧ರಿಂದ ರಾಯಲ್ ಷೇಕ್ಸ್‌ಪಿಯರ್ ಕಂಪನಿ ಎಂಬ ಹೆಸರಿನಿಂದ ಅಲ್ಲಿ ನಡೆದು ಬಂದಿರುವ ಸಂಸ್ಥೆಯು ಆ ಪರಂಪರೆಯದೇ. ಮೂವತ್ತು ವರ್ಷಗಳ ರೂಢಿಯಿಂದ ನಾಟಕವು ಆ ಜನರಿಗೆ ಊರಹಬ್ಬವಾಗಿತ್ತು. ಹಬ್ಬವನ್ನು ಯಾರೂ ತಪ್ಪಿಸಲು ಒಪ್ಪುವುದಿಲ್ಲ.

ಹಳೆಯ ನಾಟಕಗಳಿಗೆ ಪ್ರೇಕ್ಷಕರಿಲ್ಲವೆಂಬ ಮಾತು ನಮ್ಮಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಕಾಳಿದಾಸನಾಗಲಿ ಭವಭೂತಿಯಾಗಲಿ ಒಂದು ರಾತ್ರಿಯ ಪ್ರಯೋಗದಿಂದ ಜನರಿಗೆ ಬಳಕೆಯಾಗಲಾರರು. ವರ್ಷಕ್ಕೊಮ್ಮೆ ಗೊತ್ತಾದ ಋತುವಿನಲ್ಲಿ, ಗೊತ್ತಾದ ಊರಿನಲ್ಲಿ, ಲಾಭವಾಗಲಿ ನಷ್ಟವಾಗಲಿ ಹಿಂದೆಗೆಯದ ಮಂಡಳಿಯೊಂದು ಆಡಬೇಕು. ಆ ನಷ್ಟವನ್ನು ಯಜಮಾನನೊಬ್ಬನ ತಲೆಯ ಮೇಲೆ ಹೊರಿಸಿ ಉಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗುವುದು ನ್ಯಾಯವಲ್ಲ. ವರ್ತಕರೂ ಪುರಸಭೆಗಳೂ ಅಧಿಕಾರಿಗಳೂ ಅದರಲ್ಲಿ ತಮ್ಮ ಪಾಲನ್ನು ಹೊರುವುದು ಯುಕ್ತವೆಂದು ನಾವು ಭಾವಿಸುತ್ತೇವೆ.